ಹೊಗೆ ಡ್ರಮ್ಮಿಗೆ ಬಾಯ್ಲರ್ ಸಿಲ್ವರ್, ಸೈಲೆನ್ಸರ್ ಕಪ್ಪು

ಸೋಮವಾರಪೇಟೆ ಕಡೆ ಮಳೆಗಾಲ ಬಂತು ಅಂದ್ರೆ ಕಬ್ಬಿಣದ ಸಾಮಾನಿಗೆಲ್ಲ ಕಷ್ಟಕಾಲ. ಜೂನ್‌ನಲ್ಲಿ ಜಗಲಿ ಪಕ್ಕ ಒರಗಿಸಿಟ್ಟ ಗುದ್ದಲಿ ಆಗಸ್ಟ್ ಹೊತ್ತಿಗೆ ಕೆಂಪಗಾಗಿರುತ್ತದೆ. ಹಾಗಾಗಿ ಹಂದಿ ಮಾಂಸಕ್ಕೆ ಹೊಗೆ ಹಾಕಲು ಡ್ರಮ್ ಸ್ಮೋಕರ್ ಮಾಡಲು ಹೊರಟಾಗ ನನಗೆ ಚಿಂತೆ ಹಚ್ಚಿದ್ದು ವೆಲ್ಡಿಂಗ್ ಅಲ್ಲ, ಬಣ್ಣ. ಬೆಂಕಿಗೂ ತಡೆಯಬೇಕು, ಮಳೆಗೂ ತಡೆಯಬೇಕು, ಡ್ರಮ್ಮಿಗಿಂತ ಜಾಸ್ತಿ ದುಡ್ಡನ್ನೂ ಕೇಳಬಾರದು.

ಮೊದಲೆಲ್ಲ ಇದಕ್ಕೆ ಬೇರೆ ಸಾಮಾನೇ ಬೇಕಿರಲಿಲ್ಲ. ಸೌದೆ ಒಲೆಯ ಮೇಲೆ ತಂತಿ ಕಟ್ಟಿ, ಉಪ್ಪು ಅರಿಶಿನ ಸವರಿದ ತುಂಡುಗಳನ್ನು ನೇತು ಹಾಕುತ್ತಿದ್ದರು. ದಿನದ ಅಡುಗೆಯ ಜೊತೆಗೇ ಹೊಗೆಯೂ ಹತ್ತುತ್ತಿತ್ತು. ಈಗ ಅಡುಗೆಮನೆಗೆ ಗ್ಯಾಸ್ ಬಂದಿದೆ, ಗೋಡೆಗೆ ಟೈಲ್ಸ್ ಬಂದಿದೆ. ಆ ರುಚಿ ಬೇಕು ಅಂದ್ರೆ ಹೊರಗೆ ಏನಾದರೂ ವ್ಯವಸ್ಥೆ ಮಾಡಿಕೊಳ್ಳಲೇಬೇಕು.

ನಾನು ಆರಿಸಿದ್ದು ಮಾವಿನ ಪಲ್ಪ್ ತುಂಬಿ ಬರುವ 200 ಲೀಟರಿನ ಕಬ್ಬಿಣದ ಡ್ರಮ್. ಪಲ್ಪ್ ಒಳಗಿನ ಚೀಲದಲ್ಲಿ ಇರುತ್ತದೆ, ತಗಡಿಗೆ ತಾಗುವುದಿಲ್ಲ. ಮುಚ್ಚಳವನ್ನು ಪೂರ್ತಿ ತೆಗೆಯಬಹುದು. ಆಯಿಲ್, ಕೀಟನಾಶಕ, ಕೆಮಿಕಲ್ ತುಂಬಿದ್ದ ಡ್ರಮ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ದಯವಿಟ್ಟು ತರಬೇಡಿ. ಬೆಂಕಿ ಇರುವ ಜಾಗಕ್ಕೆ ಜಿಐ ತಗಡೂ ಬೇಡ. ಅದರ ಮೇಲಿನ ಸತು 419 ಡಿಗ್ರಿಗೆ ಕರಗುತ್ತದೆ. ಇನ್ನೂ ಕಾದರೆ ಏಳುವ ಬಿಳಿ ಹೊಗೆ ಕುಡಿದವರಿಗೆ ಚಳಿಜ್ವರ ಹಿಡಿಯುತ್ತದೆ. ವೆಲ್ಡಿಂಗ್ ಮಾಡುವ ಯಾರನ್ನು ಕೇಳಿದರೂ ಹೇಳುತ್ತಾರೆ.

ಈಗ ಬಣ್ಣದ ವಿಷಯಕ್ಕೆ ಬರೋಣ. ಅಂಗಡಿಗೆ ಹೋಗಿ "ಹೀಟ್ ಪೇಂಟ್ ಕೊಡಿ" ಅಂದರೆ ಬಿಳಿ ಬಕೆಟ್ ಎತ್ತಿ ಕೊಡುತ್ತಾರೆ. ಅದು ಬಿಸಿಲಿಗೆ ತಾರಸಿ ಕಾಯದಿರಲಿ ಅಂತ ಬಳಿಯುವ ಬಣ್ಣ. ಬೆಂಕಿಗೂ ಅದಕ್ಕೂ ಸಂಬಂಧವೇ ಇಲ್ಲ. ಆನ್‌ಲೈನ್‌ನಲ್ಲಿ ಬಾರ್ಬೆಕ್ಯೂ ಪೇಂಟ್ ಅಂತ ಹುಡುಕಿದರೆ ಹೊರದೇಶದ ಡಬ್ಬಿಗಳು ಬರುತ್ತವೆ. ಅದರ ಬೆಲೆಗೆ ಇನ್ನೊಂದು ಡ್ರಮ್ ಬಂದು ಮೇಲೆ ಚಿಲ್ಲರೆಯೂ ಉಳಿಯುತ್ತದೆ. ನನಗೆ ಕೊನೆಗೆ ದಾರಿ ತೋರಿಸಿದ್ದು ಪೇಂಟ್ ಅಂಗಡಿಯಲ್ಲ, ನಮ್ಮೂರ ಬುಲೆಟ್ ಮೆಕ್ಯಾನಿಕ್. "ಅಣ್ಣ, ಸೈಲೆನ್ಸರ್ ಬ್ಲ್ಯಾಕ್ ಹೊಡೀರಿ. ಅದಕ್ಕಿಂತ ಬಿಸಿ ಆಗುತ್ತಾ ನಿಮ್ಮ ಡ್ರಮ್ಮು?" ಅಂದ.

ಒಳ್ಳೆ ಪ್ರಶ್ನೆ, ಅಲ್ವಾ? ಎಷ್ಟು ಬಿಸಿಯಾಗುತ್ತದೆ ಅಂತ ನೋಡದೆ ಬಣ್ಣ ಕೊಳ್ಳುವುದರಲ್ಲಿ ಅರ್ಥ ಇಲ್ಲ. ಪರಿಚಯದ ಎಸಿ ರಿಪೇರಿಯವರಿಂದ ಗನ್ ಥರ್ಮಾಮೀಟರ್ ತಂದು, ಬಣ್ಣ ಕೆರೆದ ಬರೀ ಡ್ರಮ್ಮಿನಲ್ಲಿ ಇದ್ದಿಲು ಹಾಕಿ ನೋಡಿದೆ. ಮಾಂಸ ಬೇಯುವ ಜಾಗಕ್ಕೆ ಬೇಕಾಗಿರುವುದು 110ರಿಂದ 130 ಡಿಗ್ರಿ. ಮುಚ್ಚಳ, ಮೇಲಿನ ಮೈ ಎಲ್ಲ ಅದರ ಆಸುಪಾಸಿನಲ್ಲೇ ಇತ್ತು. ಕೆಂಡದ ಬುಟ್ಟಿ ಕೂರುವ ಕೆಳಭಾಗ ಮಾತ್ರ 200 ದಾಟಿ ಹೋಯಿತು. ಗಾಳಿ ಕಿಂಡಿ ಪೂರ್ತಿ ತೆರೆದರೆ ಇನ್ನೂ ಮೇಲೆ.

ಅಲ್ಲಿಗೆ ಲೆಕ್ಕ ಸಿಕ್ಕಿತು. ಇಡೀ ಡ್ರಮ್ಮಿಗೆ ದುಬಾರಿ ಬಣ್ಣ ಬೇಕಾಗಿಲ್ಲ. ಕೆಳಗಿನ ಮೂರನೇ ಒಂದು ಭಾಗಕ್ಕೆ ನಿಜವಾದ ಹೈ ಹೀಟ್ ಬಣ್ಣ, ಉಳಿದದ್ದಕ್ಕೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು. ಆದರೆ ಗೇಟಿಗೆ ಹೊಡೆಯುವ ಮಾಮೂಲಿ ಎನಾಮೆಲ್ ಮಾತ್ರ ಮೇಲ್ಭಾಗಕ್ಕೂ ಬೇಡ. ನೂರು ಡಿಗ್ರಿ ದಾಟಿದರೆ ಅದು ಮೆತ್ತಗಾಗುತ್ತದೆ, ಬಣ್ಣಗೆಡುತ್ತದೆ, ವಾಸನೆ ಬರುತ್ತದೆ. ಊಟದ ಪಕ್ಕ ಆ ವಾಸನೆ ಯಾರಿಗೆ ಬೇಕು?

ಮೇಲ್ಭಾಗಕ್ಕೆ ತಂದದ್ದು ಹೀಟ್ ರೆಸಿಸ್ಟೆಂಟ್ ಅಲ್ಯೂಮಿನಿಯಂ ಪೇಂಟ್. ರೈಸ್ ಮಿಲ್ಲಿನ ಬಾಯ್ಲರ್, ಚಿಮಣಿಗೆ ಹೊಡೆಯುವ ಬೆಳ್ಳಿ ಬಣ್ಣ ನೋಡಿರುತ್ತೀರಲ್ಲ, ಅದೇ. "ಬಾಯ್ಲರ್ ಸಿಲ್ವರ್" ಅಂದರೆ ಹಳೇ ಅಂಗಡಿಯವರಿಗೆ ತಕ್ಷಣ ಗೊತ್ತಾಗುತ್ತದೆ. ಕೊಳ್ಳುವಾಗ ಡಬ್ಬಿ ತಿರುಗಿಸಿ ಐಎಸ್ 13183 ಅಂತ ಇದೆಯಾ ನೋಡಿ, ಅದು ಈ ಬಣ್ಣದ ಭಾರತೀಯ ಮಾನದಂಡದ ನಂಬರ್. ಅದರಲ್ಲಿ ಮೂರು ಗ್ರೇಡ್: ಮೂರನೆಯದು 200 ಡಿಗ್ರಿವರೆಗೆ, ಎರಡನೆಯದು 400, ಒಂದನೆಯದು 600. ಬೆಲೆಯೂ ಅದೇ ಕ್ರಮದಲ್ಲಿ ಏರುತ್ತದೆ. ಮೇಲ್ಭಾಗಕ್ಕೆ ಮೂರನೇ ಗ್ರೇಡ್ ಧಾರಾಳ ಸಾಕು. ಅರ್ಧ ಲೀಟರಿನಲ್ಲಿ ಎರಡು ಕೋಟ್ ಹೊಡೆದೂ ಉಳಿಯಿತು. ಬೆಳ್ಳಿ ಮೈಯಿಂದ ಶಾಖ ಹೊರಗೆ ಹೋಗುವುದೂ ಕಪ್ಪಿಗಿಂತ ಕಡಿಮೆ. ಗಾಳಿ ಬೀಸುವ ನಮ್ಮ ಬೆಟ್ಟದಲ್ಲಿ ಅದೂ ಬೇಕು. ಒಂದು ವಿಷಯ ನೆನಪಿಡಿ: ಬೆಳ್ಳಿ ಬಣ್ಣ ಬಳಿದ ಮೇಲೆ ಗನ್ ಥರ್ಮಾಮೀಟರ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಅದನ್ನು ನಂಬಿ ಕೈ ಇಡಬೇಡಿ.

ಕೆಳಗಿನ ಭಾಗಕ್ಕೆ ಸೈಲೆನ್ಸರ್ ಕಪ್ಪು. ಇದು ಸಿಲಿಕೋನ್ ಆಧಾರದ ಬಣ್ಣ. ಸ್ಪ್ರೇ ಡಬ್ಬಿಯ ಮೇಲೆ 600 ಡಿಗ್ರಿ ಅಂತ ಬರೆದಿರುವುದನ್ನೇ ತಗೊಂಡೆ. ಬೆಂಗಳೂರಿಗೆ ಬೇರೆ ಕೆಲಸಕ್ಕೆ ಹೋಗಿದ್ದಾಗ ಜೆಸಿ ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಕ್ಕಿತು, ನಾನೂರರ ಆಸುಪಾಸು. ಡ್ರಮ್ಮಿನ ಸುತ್ತಿನ ಮೈ ಒಟ್ಟು ಸುಮಾರು 1.6 ಚದರ ಮೀಟರ್, ಅದರ ಮೂರನೇ ಒಂದು ಭಾಗ ಅಂದರೆ ಅರ್ಧ ಚದರ ಮೀಟರ್ ಚಿಲ್ಲರೆ. 400 ಎಂಎಲ್‌ನ ಒಂದೇ ಡಬ್ಬಿಯಲ್ಲಿ ಎರಡು ತೆಳು ಕೋಟ್ ಆಯಿತು. ಸಣ್ಣ ಊರಿನಲ್ಲೂ ಬೈಕ್ ಸ್ಪೇರ್ ಅಂಗಡಿ ಇದ್ದೇ ಇರುತ್ತದೆ. ಪೇಂಟ್ ಅಂಗಡಿಗೆ ಹೋಗುವ ಮೊದಲು ಅಲ್ಲಿ ಕೇಳಿ.

ದುಡ್ಡು ಉಳಿದದ್ದು ಇಲ್ಲಿ. ಶ್ರಮ ಉಳಿಸುವ ಹಾಗಿಲ್ಲ. ಡ್ರಮ್ಮಿನ ಹಳೇ ಬಣ್ಣ ಹೋಗಲು ಬಯಲಲ್ಲಿ ಇಟ್ಟು ಜೋರಾಗಿ ಸೌದೆ ಉರಿಸಬೇಕು, ಗಾಳಿ ಬರುವ ಕಡೆ ನಿಂತು. ಆಮೇಲೆ ಗ್ರೈಂಡರಿಗೆ ವೈರ್ ಬ್ರಷ್ ಹಾಕಿ ಉಜ್ಜಿ, 80 ನಂಬರ್ ಎಮರಿಯಲ್ಲಿ ತಿಕ್ಕಿ, ತಿನ್ನರ್ ಬಟ್ಟೆಯಲ್ಲಿ ಒರೆಸಬೇಕು. ಬಟ್ಟೆ ಕಪ್ಪಾಗುವುದು ನಿಲ್ಲುವವರೆಗೆ ಒರೆಸಿ. ಅವತ್ತೇ ಬಣ್ಣ ಹೊಡೆಯಿರಿ. ನಮ್ಮ ಹವೆಯಲ್ಲಿ ಉಜ್ಜಿದ ಕಬ್ಬಿಣವನ್ನು ರಾತ್ರಿ ಹಾಗೇ ಬಿಟ್ಟರೆ ಬೆಳಿಗ್ಗೆ ಕಂದು ಪುಡಿ ಕೂತಿರುತ್ತದೆ.

ಪ್ರೈಮರ್ ಬೇಡ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಎಲ್ಲ ಅಂಗಡಿಯಲ್ಲೂ "ಕೆಳಗೆ ರೆಡ್ ಆಕ್ಸೈಡ್ ಹೊಡೆದುಬಿಡಿ" ಅನ್ನುತ್ತಾರೆ. ಕೆಂಡದ ಪಕ್ಕ ಆ ಪ್ರೈಮರ್ ಸುಟ್ಟು ಪುಡಿಯಾಗುತ್ತದೆ. ಮೇಲಿನ ಬಣ್ಣ ಎಷ್ಟೇ ಒಳ್ಳೆಯದಿದ್ದರೂ ಹಪ್ಪಳದ ಹಾಗೆ ಎದ್ದು ಬರುತ್ತದೆ. ಹಳೇ ಸ್ಟಾಕಿನ ರೆಡ್ ಲೆಡ್ ಅಂತೂ ಮುಟ್ಟಲೇಬೇಡಿ, ಅದು ಸೀಸ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90) ದಾಟಬಾರದು ಅಂತ 2016ರಲ್ಲಿ ನಿಯಮ ಬಂದಿದೆ, ನಿಜ. ಆದರೆ ಅದು ಮನೆ ಮತ್ತು ಅಲಂಕಾರದ ಬಣ್ಣಗಳ ನಿಯಮ. ಕಾರ್ಖಾನೆ ಬಣ್ಣ ಕೊಳ್ಳುವಾಗ ಸೀಸ ಇದೆಯಾ ಅಂತ ನಾವೇ ಕೇಳಿಕೊಳ್ಳಬೇಕು.

ಡ್ರಮ್ಮಿನ ಒಳಗೆ ಯಾವ ಬಣ್ಣವೂ ಬೇಡ. 600 ಡಿಗ್ರಿ ತಡೆಯುತ್ತದೆ ಅಂದ ಮಾತ್ರಕ್ಕೆ ಮಾಂಸದ ಪಕ್ಕ ಇರಬಹುದು ಅಂತ ಅರ್ಥ ಅಲ್ಲ. ಒಳಗೆ ಅಡುಗೆ ಎಣ್ಣೆ ತೆಳ್ಳಗೆ ಸವರಿ ಹೊಗೆ ಹಾಕಿದರೆ ಸಾಕು, ಕಪ್ಪು ಪದರ ತಾನೇ ಕಟ್ಟುತ್ತದೆ. ಹೊರಗೂ ಅಗಸೆ ಎಣ್ಣೆ ಸವರಿ ಬಿಡುವವರಿದ್ದಾರೆ. ಬಳ್ಳಾರಿ, ರಾಯಚೂರಿನ ಒಣ ಹವೆಗೆ ಅದು ನಡೆಯಬಹುದು. ಕೊಡಗಿನ ಮಳೆಗೆ ಮತ್ತೆ ಮತ್ತೆ ಸವರುತ್ತಲೇ ಇರಬೇಕಾಗುತ್ತದೆ.

ಬಣ್ಣ ಒಣಗಿದ ಮೇಲೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಸಿಲಿಕೋನ್ ಬಣ್ಣ ಗಟ್ಟಿಯಾಗುವುದು ಬಿಸಿಗೆ. ಮುಟ್ಟಿದರೆ ಒಣಗಿದ ಹಾಗಿರುತ್ತದೆ, ಆದರೆ ಉಗುರಿನಲ್ಲಿ ಒತ್ತಿ ಎಳೆದರೆ ಗೀರು ಬೀಳುತ್ತದೆ. ಒಂದು ದಿನ ಬಿಟ್ಟು, ಒಂದು ಹಿಡಿ ಇದ್ದಿಲಿನಿಂದ ಶುರು ಮಾಡಿ. ನೂರು ಡಿಗ್ರಿಯಲ್ಲಿ ಅರ್ಧ ಗಂಟೆ, ಆಮೇಲೆ ಇದ್ದಿಲು ಸೇರಿಸುತ್ತಾ ಕೆಳಭಾಗವನ್ನು 200ಕ್ಕೆ ತಂದು ಒಂದು ಗಂಟೆ ಹಿಡಿಯಿರಿ. ಈ ಹೊತ್ತಿನಲ್ಲಿ ಬಣ್ಣದಿಂದಲೇ ತೆಳುವಾಗಿ ಹೊಗೆ ಏಳುತ್ತದೆ, ಕಟು ವಾಸನೆ. ಮಾಂಸ ಇಡುವುದು ಆ ವಾಸನೆ ಪೂರ್ತಿ ಹೋದ ಮೇಲೆಯೇ. ಡ್ರಮ್ ಆರಿದ ಮೇಲೆ ಅದೇ ಜಾಗದಲ್ಲಿ ಉಗುರು ಎಳೆದು ನೋಡಿ. ಉಗುರಿನ ಬಿಳಿ ಪುಡಿ ಬಣ್ಣದ ಮೇಲೆ ಉಳಿಯುತ್ತದೆ, ಬಣ್ಣಕ್ಕೆ ಏನೂ ಆಗುವುದಿಲ್ಲ. ನನಗೆ ಇಡೀ ಕೆಲಸದಲ್ಲಿ ತುಂಬಾ ಖುಷಿ ಕೊಟ್ಟದ್ದು ಅದೇ.

ಒಂದು ಮಳೆಗಾಲ ದಾಟಿದೆ. ಮೇಲ್ಭಾಗದ ಬೆಳ್ಳಿ ಹಾಗೇ ಇದೆ. ಕೆಳಗೆ, ಗಾಳಿ ಕಿಂಡಿಯ ಅಂಚಿನಲ್ಲಿ ಮಾತ್ರ ಬೆರಳಗಲದಷ್ಟು ತುಕ್ಕು ಇಣುಕಿದೆ. ಡ್ರಿಲ್ ಹೊಡೆದ ಅಂಚು ಚೂಪಾಗಿರುವುದರಿಂದ ಅಲ್ಲಿ ಬಣ್ಣ ಸರಿಯಾಗಿ ನಿಲ್ಲುವುದಿಲ್ಲ. ನೀವು ಮಾಡುವುದಾದರೆ ಬಣ್ಣಕ್ಕೆ ಮೊದಲೇ ಆ ಅಂಚುಗಳನ್ನು ಅರದಲ್ಲಿ ಉಜ್ಜಿ ಗುಂಡಗೆ ಮಾಡಿಕೊಳ್ಳಿ. ಸ್ಪ್ರೇ ಮುಗಿಸಿದಾಗಲೆಲ್ಲ ಡಬ್ಬಿ ತಲೆಕೆಳಗು ಹಿಡಿದು ಒಂದು ಸಲ ಒತ್ತಿ, ಬಾಯಿ ಕಟ್ಟಿಕೊಳ್ಳುವುದಿಲ್ಲ. ಉಳಿದದ್ದು ಟಚಪ್‌ಗೆ ಆಗುತ್ತದೆ.