ಪ್ಯಾಂಜರ್ 4ಕ್ಕೆ ಯಾವ ಬಣ್ಣ? ಮೊದಲು ತಿಂಗಳು ಹೇಳಿ

ಟ್ಯಾಂಕ್ ಮಾಡೆಲ್ ಕಟ್ಟುವಾಗ ಕಿಟ್ ಡಬ್ಬಿಯ ಮೇಲಿನ ಚಿತ್ರ ನೋಡಿ ಬಣ್ಣ ಆರಿಸಬೇಡಿ. ಪ್ಯಾಂಜರ್ 4 ಎಂಬ ಒಂದೇ ಹೆಸರಿನ ಟ್ಯಾಂಕ್ 1939ರ ಪೋಲೆಂಡ್ ದಾಳಿಯಿಂದ ಹಿಡಿದು 1945ರ ಕೊನೆಯ ಕಾದಾಟದವರೆಗೂ ಓಡಿದೆ. ಅಷ್ಟರಲ್ಲಿ ಜರ್ಮನ್ ಸೇನೆ ಬಣ್ಣದ ಆದೇಶವನ್ನು ಹಲವು ಸಲ ಬದಲಿಸಿದೆ. ಹಾಗಾಗಿ ‘ಪ್ಯಾಂಜರ್ 4ರ ಸರಿಯಾದ ಬಣ್ಣ ಯಾವುದು’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ಆವೃತ್ತಿ, ಯಾವ ರಣರಂಗ, ಯಾವ ತಿಂಗಳು ಎಂಬುದು ಗಟ್ಟಿಯಾದ ಮೇಲೆಯೇ ಬಣ್ಣದ ಬಾಟಲಿ ತೆರೆಯಬೇಕು.

ಔಸ್ಫ್ ಡಿ (ಔಸ್ಫ್ ಎಂದರೆ ಆವೃತ್ತಿ) ಕಟ್ಟುತ್ತಿದ್ದೀರಿ, ಫ್ರಾನ್ಸ್ 1940 ಎಂದುಕೊಳ್ಳಿ. ಹತ್ತರಲ್ಲಿ ಒಂಬತ್ತು ಮಂದಿ ಇದಕ್ಕೆ ಬರೀ ಬೂದು ಹೊಡೆದು ಮುಗಿಸುತ್ತಾರೆ. ಆದರೆ 1937ರಿಂದ ಜಾರಿಯಲ್ಲಿದ್ದ ನಿಯಮ ಎರಡು ಬಣ್ಣದ್ದು: ಮೂರರಲ್ಲಿ ಎರಡು ಪಾಲು ಕಡು ಬೂದು (ರಾಲ್ ಎಂಬ ಜರ್ಮನ್ ಬಣ್ಣಪಟ್ಟಿಯಲ್ಲಿ ಈಗಿನ ಸಂಖ್ಯೆ 7021), ಒಂದು ಪಾಲು ಕಡು ಕಂದು (ರಾಲ್ 7017). ಬೂದು ಒಂದೇ ಸಾಕು ಎಂಬ ಆದೇಶ ಬಂದದ್ದು 1940ರ ಜುಲೈ ಕೊನೆಗೆ, ಅಂದರೆ ಫ್ರಾನ್ಸ್ ಸೋತ ಮೇಲೆ. ಹಳೆಯ ಫೋಟೊಗಳಲ್ಲಿ ಕಂದು ಕಾಣದಿರುವುದಕ್ಕೆ ಕಾರಣ ಸರಳ. ಎರಡೂ ಬಣ್ಣಗಳ ಗಾಢತೆ ಹೆಚ್ಚುಕಡಿಮೆ ಒಂದೇ, ಕಪ್ಪು-ಬಿಳುಪು ಫಿಲ್ಮಿನಲ್ಲಿ ಒಂದರೊಳಗೊಂದು ಕರಗಿಹೋಗುತ್ತವೆ.

ಇದನ್ನೇ ಪರೀಕ್ಷೆಯಾಗಿ ಬಳಸಿಕೊಳ್ಳಬಹುದು. ಟಾಮಿಯಾ ಕಂಪನಿಯ ಬೂದು ಬಣ್ಣ ಎಕ್ಸ್‌ಎಫ್-63ಕ್ಕೆ ಹತ್ತನೇ ಒಂದು ಪಾಲು ಬಿಳಿ ಸೇರಿಸಿ ಬೂದು ಹೊಡೆಯಿರಿ. ಕಂದಿಗೆ ಅದೇ ಕಂಪನಿಯ ಕಂದು ಎಕ್ಸ್‌ಎಫ್-10 ಎರಡು ಪಾಲು, ಎಕ್ಸ್‌ಎಫ್-63 ಒಂದು ಪಾಲು ಬೆರೆಸಿ. ಪ್ಲಾಸ್ಟಿಕ್ ತುಂಡಿನ ಮೇಲೆ ಎರಡನ್ನೂ ಅಕ್ಕಪಕ್ಕ ಹೊಡೆದು, ಒಣಗಿದ ಮೇಲೆ ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆಯಿರಿ. ಗಡಿ ಎದ್ದು ಕಂಡರೆ ಕಂದು ತೀರಾ ತಿಳಿಯಾಗಿದೆ, ಇನ್ನಷ್ಟು ಬೂದು ಹಾಕಿ. ಹುಡುಕಿದರಷ್ಟೇ ಗಡಿ ಸಿಗುವಂತಿದ್ದರೆ ಸರಿಯಾಗಿದೆ. ಕಣ್ಣೆದುರು ಮಾಡೆಲ್ ಎರಡು ಬಣ್ಣದ್ದಾಗಿಯೂ ಫೋಟೊದಲ್ಲಿ ಒಂದೇ ಬಣ್ಣದ್ದಾಗಿಯೂ ಕಾಣಬೇಕು.

ಆಫ್ರಿಕಾದ ಲೆಕ್ಕ ಬೇರೆ. 1941ರ ಮೊದಲ ತಿಂಗಳುಗಳಲ್ಲಿ ಟ್ರಿಪೋಲಿಯಲ್ಲಿ ಇಳಿದ ಟ್ಯಾಂಕ್‌ಗಳು ಬೂದು ಬಣ್ಣದಲ್ಲೇ ಇದ್ದವು. ಹಳದಿಗಂದು (ರಾಲ್ 8000) ಮತ್ತು ಬೂದುಹಸಿರಿನ (ರಾಲ್ 7008) ಆದೇಶ ಬಂದದ್ದು 1941ರ ಮಾರ್ಚ್‌ನಲ್ಲಿ. ವರ್ಷದ ನಂತರ, 1942ರ ಮಾರ್ಚ್‌ನಲ್ಲಿ, ಆ ಜಾಗಕ್ಕೆ 8020 ಮತ್ತು 7027 ಬಂದವು. ಮರಳುಗಾಡು ಎಂದಾಕ್ಷಣ ಕೈಗೆ ಸಿಕ್ಕ ಹಳದಿ ಹೊಡೆಯುವ ಮುಂಚೆ ಇಷ್ಟು ನೋಡಿಕೊಳ್ಳಿ.

ದೊಡ್ಡ ತಿರುವು 1943ರ ಫೆಬ್ರವರಿ 18ರ ಆದೇಶ. ಅಲ್ಲಿಂದ ಮುಂದೆ ಕಾರ್ಖಾನೆಯಿಂದ ಹೊರಬಿದ್ದ ಟ್ಯಾಂಕ್‌ಗಳೆಲ್ಲ ಡುಂಕೆಲ್‌ಗೆಲ್ಬ್, ಅಂದರೆ ಕಡು ಹಳದಿ. ಹೆಸರಿನಲ್ಲಿ ಹಳದಿ ಇದ್ದರೂ ಅರಿಶಿನದ ಹಳದಿಯಲ್ಲ. ಒಣಗಿದ ಜೋಳದ ದಂಟಿನ ಬಣ್ಣ. ಔಸ್ಫ್ ಎಚ್ ತಯಾರಾಗತೊಡಗಿದ್ದೇ ಈ ಆದೇಶದ ನಂತರ. ಆದ್ದರಿಂದ ಬೂದು ಬಣ್ಣದ ಔಸ್ಫ್ ಎಚ್ ಎಷ್ಟೇ ಚೆನ್ನಾಗಿ ಕಂಡರೂ ತಪ್ಪೇ. ಹಾಗೆಯೇ ಜಿಮೆರಿಟ್ ಗಾರೆ (ಕಾಂತೀಯ ಸಿಡಿಗುಂಡು ಅಂಟದಂತೆ ಟ್ಯಾಂಕಿಗೆ ಮೆತ್ತುತ್ತಿದ್ದ ಲೇಪ) 1943ರ ಶರತ್ಕಾಲಕ್ಕೆ ಬಂದು 1944ರ ಸೆಪ್ಟೆಂಬರ್‌ನಲ್ಲಿ ನಿಂತುಹೋಯಿತು. ಕುರ್ಸ್ಕ್ ಕದನ 1943ರ ಜುಲೈನದು, ಅಲ್ಲಿಯ ಟ್ಯಾಂಕಿಗೆ ಜಿಮೆರಿಟ್ ಹಚ್ಚಬೇಡಿ.

ಹಳದಿಯ ಮೇಲಿನ ಆಲಿವ್ ಹಸಿರು (ರಾಲ್ 6003) ಮತ್ತು ಕೆಂಗಂದು (ರಾಲ್ 8017) ಪಟ್ಟೆಗಳನ್ನು 1944ರ ಆಗಸ್ಟ್‌ವರೆಗೆ ಬಹುಮಟ್ಟಿಗೆ ಹಾಕುತ್ತಿದ್ದುದು ಕಾರ್ಖಾನೆಯಲ್ಲ, ಆಯಾ ತುಕಡಿ. ಬಣ್ಣ ಗಟ್ಟಿ ಪೇಸ್ಟ್ ರೂಪದಲ್ಲಿ ಡಬ್ಬಿಗಳಲ್ಲಿ ಬರುತ್ತಿತ್ತು, ಪೆಟ್ರೋಲಿನಲ್ಲೋ ನೀರಿನಲ್ಲೋ ಕಲಸಿಕೊಳ್ಳಬೇಕಿತ್ತು. ಪೆಟ್ರೋಲಿನಲ್ಲಿ ಕಲಸಿದ್ದು ಅಂಟಿ ಕೂರುತ್ತಿತ್ತು, ನೀರಿನಲ್ಲಿ ಕಲಸಿದ್ದು ಮಳೆಗೆ ಇಳಿಯುತ್ತಿತ್ತು. ಸ್ಪ್ರೇ ಗನ್ ಇದ್ದ ಕಡೆ ಪಟ್ಟೆಯ ಅಂಚು ಮಸುಕು, ಇಲ್ಲದ ಕಡೆ ಬ್ರಷ್ಷಿನ ಗೆರೆ. ಒಂದೇ ವಾರದಲ್ಲಿ ಎರಡು ತುಕಡಿಗಳ ಟ್ಯಾಂಕ್ ಬೇರೆಬೇರೆಯಾಗಿ ಕಾಣಲು ಇದೇ ಕಾರಣ. ಇಲ್ಲಿ ಕಿಟ್ ಕಾಗದಕ್ಕಿಂತ ಅದೇ ತುಕಡಿಯ ಮೂರ್ನಾಲ್ಕು ಫೋಟೊಗಳಿಗೆ ಬೆಲೆ ಹೆಚ್ಚು.

ಫೋಟೊ ಓದುವಾಗ ಒಂದು ಎಚ್ಚರ. ಆರ್ಥೊಕ್ರೋಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುವುದಿಲ್ಲ, ಹಾಗಾಗಿ ಗೋಪುರದ ಮೇಲಿನ ಕೆಂಪು ಅಂಕಿ ಅದರಲ್ಲಿ ಕಪ್ಪಾಗಿ ಬೀಳುತ್ತದೆ. ಸಂಗ್ರಹಾಲಯದ ಟ್ಯಾಂಕನ್ನೂ ಕಣ್ಣುಮುಚ್ಚಿ ನಂಬಬಾರದು, ಅವನ್ನು ಎಷ್ಟೋ ಸಲ ಮರುಬಣ್ಣ ಮಾಡಿರುತ್ತಾರೆ. ಬ್ರಿಟಿಷ್ ಟ್ಯಾಂಕ್‌ಗಳ ಕಾಂಟರ್ ಎಂಬ ಮರೆಮಾಚುವ ಬಣ್ಣದ ವಿನ್ಯಾಸವನ್ನೇ ನೋಡಿ. ಸಂಗ್ರಹಾಲಯದ ಮಟಿಲ್ಡಾ ಟ್ಯಾಂಕಿಗೆ ಬಳಿದಿದ್ದ ತಿಳಿನೀಲಿಯನ್ನು ನಂಬಿ ಜಗತ್ತಿನ ಮಾಡೆಲ್‌ಗಾರರೆಲ್ಲ ವರ್ಷಾನುಗಟ್ಟಲೆ ನೀಲಿ ಹೊಡೆದರು. ಆದೇಶದಲ್ಲಿದ್ದದ್ದು ಸಿಲ್ವರ್ ಗ್ರೇ, ಹಸಿರು ಛಾಯೆಯ ಬೂದು.

ಇನ್ನು ಹೊಡೆಯುವ ವಿಷಯ. 1/35 ಅಳತೆಯ ಪ್ಯಾಂಜರ್ 4ಕ್ಕೆ 10 ಮಿ.ಲೀ. ಬಾಟಲಿ ಒಂದು ಸಾಕು. ಬೆರೆಸಿದ ಬಣ್ಣದಲ್ಲಿ ಸ್ವಲ್ಪ ಎತ್ತಿಟ್ಟುಕೊಳ್ಳಿ, ಅದೇ ಛಾಯೆ ಮತ್ತೆ ಕೂಡಿಬರುವುದು ಕಷ್ಟ. ವಾಶ್ ಮತ್ತು ಫಿಲ್ಟರ್ (ಕೊನೆಗೆ ಮೇಲೆ ಹಚ್ಚುವ ತೀರಾ ನೀರಾದ ಬಣ್ಣಗಳು) ಬಿದ್ದ ಮೇಲೆ ಎಲ್ಲವೂ ಒಂದು ಛಾಯೆ ಕಪ್ಪಾಗುವುದರಿಂದ ಮೊದಲೇ ತಿಳಿಯಾಗಿ ಹೊಡೆಯಬೇಕು. ತಿಳಿಗೊಳಿಸಲು ಎಲ್ಲದಕ್ಕೂ ಬಿಳಿ ಸುರಿದರೆ ಕೆಟ್ಟಿತು: ಕೆಂಗಂದು ಗುಲಾಬಿಯಾಗುತ್ತದೆ, ಹಸಿರು ಸುಣ್ಣ ಬೆರೆತಂತೆ ಬಿಳಚಿಕೊಳ್ಳುತ್ತದೆ. ಕೆಂಗಂದಿಗೆ (ಎಕ್ಸ್‌ಎಫ್-64) ಬಫ್ ಎಂಬ ಮಸುಕು ಹಳದಿ (ಎಕ್ಸ್‌ಎಫ್-57), ಹಸಿರಿಗೆ ಅದೇ ಕಡು ಹಳದಿ ಎಕ್ಸ್‌ಎಫ್-60 ಬೆರೆಸಿ. ಎಕ್ಸ್‌ಎಫ್-60ಕ್ಕೂ ಎಂಟಕ್ಕೆ ಎರಡರಂತೆ ಬಫ್ ಚೆನ್ನಾಗಿ ಹೊಂದುತ್ತದೆ.

ಪಟ್ಟೆಯ ಅಂಚು ಎಷ್ಟು ಮಸುಕಿರಬೇಕು ಎಂಬುದಕ್ಕೆ ಲೆಕ್ಕವಿದೆ. ನಿಜವಾದ ಟ್ಯಾಂಕಿನಲ್ಲಿ ಸ್ಪ್ರೇ ಅಂಚು 10 ಸೆಂ.ಮೀ. ಹರಡಿದೆ ಎಂದುಕೊಂಡರೂ 1/35ರಲ್ಲಿ ಅದು 3 ಮಿ.ಮೀ. ಒಳಗೇ. 1/72ರಲ್ಲಿ ಒಂದೂವರೆ ಮಿ.ಮೀ. ಕೂಡ ಇಲ್ಲ, ಅಲ್ಲಿ ಬ್ರಷ್ಷಿನಲ್ಲಿ ಬಳಿದರೂ ನಡೆಯುತ್ತದೆ. 1/35ಕ್ಕೆ ಏರ್‌ಬ್ರಷ್ಷಿನಲ್ಲಿ (ಬಣ್ಣ ಸಿಂಪಡಿಸುವ ಸಣ್ಣ ಗನ್) 0.3 ಮಿ.ಮೀ. ನಾಝಲ್, 12ರಿಂದ 15 ಪಿಎಸ್‌ಐ ಒತ್ತಡ, ಮೇಲ್ಮೈಯಿಂದ 2-3 ಸೆಂ.ಮೀ. ದೂರ, ಮೂರರಲ್ಲಿ ಎರಡು ಪಾಲು ತಿನ್ನರ್. ಮುಟ್ಟಿದರೆ ಮರಳುಕಾಗದದಂತೆ ಒರಟಾಗಿದ್ದರೆ ಬಣ್ಣ ಗಾಳಿಯಲ್ಲೇ ಒಣಗುತ್ತಿದೆ, ಹತ್ತಿರ ಬನ್ನಿ ಇಲ್ಲವೇ ಒತ್ತಡ ಇಳಿಸಿ. ಜೇಡನ ಕಾಲಿನಂತೆ ಹರಿದರೆ ಬಣ್ಣ ತೀರಾ ತೆಳು. ಮಂಗಳೂರು, ಉಡುಪಿ ಕಡೆಯ ಮಳೆಗಾಲದಲ್ಲಿ ಲ್ಯಾಕರ್ ತಿನ್ನರ್ ಬೇಗ ಆರಿ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕೂತು ಬಿಳಿ ಮಬ್ಬು ಕವಿಯುತ್ತದೆ. ನಿಧಾನಕ್ಕೆ ಆರುವ ಲೆವೆಲಿಂಗ್ ತಿನ್ನರ್ ಬಳಸಿದರೆ ಆ ಕಾಟ ಬಹಳ ಕಡಿಮೆಯಾಗುತ್ತದೆ.

ರಷ್ಯಾದ ಚಳಿಗಾಲದ ಟ್ಯಾಂಕ್ ಆದರೆ ಡಿಕಾಲ್‌ಗಳನ್ನು (ಅಂಕಿ, ಶಿಲುಬೆಗಳ ತೆಳು ಅಂಟುಚಿತ್ರ) ಸುಣ್ಣದ ಬಿಳುಪಿಗಿಂತ ಮೊದಲು ಅಂಟಿಸಿ. ಒರಟು ಮ್ಯಾಟ್ ಮೇಲೆ ನೇರವಾಗಿ ಅಂಟಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿಯಂತೆ ಹೊಳೆಯುತ್ತದೆ, ಆದ್ದರಿಂದ ಆ ಜಾಗಕ್ಕೆ ಎಕ್ಸ್-22 ಎಂಬ ಹೊಳಪಿನ ಪಾರದರ್ಶಕ ಬಣ್ಣ ಒಂದು ಪದರ ಕೊಡಿ. ಡಿಕಾಲ್ ಒಣಗಿದ ಮೇಲೆ ವಾರ್ನಿಷ್, ಅದರ ಮೇಲೆ ಎರಡು ತೆಳು ಪದರ ಹೇರ್‌ಸ್ಪ್ರೇ (ನೀರು ತಗುಲಿದರೆ ಇದು ಕರಗಿ ಮೇಲಿನ ಬಿಳಿ ಏಳುತ್ತದೆ), ಕಾಲು ಗಂಟೆ ಬಿಟ್ಟು ಎಕ್ಸ್‌ಎಫ್-2 ಬಿಳಿ. ಈ ಬಿಳಿಗೆ ಮಾತ್ರ ಲ್ಯಾಕರ್ ತಿನ್ನರ್ ಬೇಡ. ಅದು ಅಡಿಯ ಪದರಕ್ಕೆ ಕಚ್ಚಿಕೊಂಡು ಆಮೇಲೆ ಏನು ಮಾಡಿದರೂ ಏಳುವುದಿಲ್ಲ. ಟಾಮಿಯಾದ ಅಕ್ರಿಲಿಕ್ ತಿನ್ನರ್ ಎಕ್ಸ್-20ಎ ಅಥವಾ ನೀರು ಬಳಸಿ. ಒಂದು ಗಂಟೆಯೊಳಗೆ ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಗಟ್ಟಿ ಬ್ರಷ್ಷಿನಿಂದ ಉಜ್ಜಿ, ಸಿಬ್ಬಂದಿ ಹತ್ತಿ ಇಳಿಯುವ ಜಾಗ ಮತ್ತು ಹ್ಯಾಚ್ ಅಂಚುಗಳಲ್ಲಿ ಹೆಚ್ಚು. ಅಂಕಿ ಮತ್ತು ಶಿಲುಬೆಗಳ ಸುತ್ತ ಬಿಳಿ ಬೀಳದಂತೆ ಚೌಕವಾಗಿ ಟೇಪ್ ಹಚ್ಚಿಡಿ: ಸೈನಿಕರು ಬ್ರಷ್ ಹಿಡಿದು ಸುಣ್ಣ ಬಳಿಯುವಾಗ ಅಷ್ಟು ಜಾಗ ಬಿಟ್ಟೇ ಬಳಿಯುತ್ತಿದ್ದುದು ಎಷ್ಟೋ ಫೋಟೊಗಳಲ್ಲಿ ಕಾಣುತ್ತದೆ.