ಸಂಪಿನ ರೇಡಾರ್ ಮಟ್ಟಮಾಪಕ: ಜಾಗ ಬದಲಿಸಿದ ಮೇಲಿನ ಪ್ರಗತಿ

ನಮ್ಮ ಮನೆಯ ಸಂಪಿನ ನೀರಿನ ಮಟ್ಟವನ್ನು ರೇಡಾರ್‌ನಿಂದ ಅಳೆಯುವ ಕೆಲಸದಲ್ಲಿ ಕಳೆದ ಮೂರು ವಾರಗಳು ಪೂರ್ತಿಯಾಗಿ ಸೆನ್ಸರ್ ಎಲ್ಲಿ ಕೂರಬೇಕೆಂಬ ಪ್ರಶ್ನೆಗೇ ಹೋದವು, ಮತ್ತು ಆ ಸಮಯ ವ್ಯರ್ಥವಾಗಲಿಲ್ಲ. ಸಂಪು 2.4 ಮೀಟರ್ ಉದ್ದ, 1.8 ಮೀಟರ್ ಅಗಲ, 2 ಮೀಟರ್ ಆಳವಿದೆ. ಮಟ್ಟದಲ್ಲಿ ಒಂದು ಸೆಂಟಿಮೀಟರ್ ತಪ್ಪಿದರೆ ಲೆಕ್ಕದಲ್ಲಿ 43 ಲೀಟರ್ ತಪ್ಪುತ್ತದೆ. ಬಳಸುತ್ತಿರುವುದು 60 ಗಿಗಾಹರ್ಟ್ಸ್‌ನ ಚಿಕ್ಕ ಪಲ್ಸ್ ರೇಡಾರ್ ಮಾಡ್ಯೂಲ್; ಅಲೆಯ ತುಣುಕುಗಳನ್ನು ಕೆಳಗೆ ಕಳಿಸಿ, ಅವು ತಗಲಿ ಹಿಂದಿರುಗಲು ಹಿಡಿಯುವ ಸಮಯದಿಂದ ಅದು ದೂರವನ್ನು ಅಳೆಯುತ್ತದೆ. ಅದರ ಮುಂದೆ 25 ಮಿಲಿಮೀಟರ್ ವ್ಯಾಸದ ಪ್ಲಾಸ್ಟಿಕ್ ಲೆನ್ಸ್ ಇದೆ.

ಮೊದಲು ಅದನ್ನು ಸಂಪಿನ ಬಾಯಿಯ ಫೈಬರ್ ಮುಚ್ಚಳಕ್ಕೇ ಕಟ್ಟಿದ್ದೆ. ನೀರು ಇಳಿಯುತ್ತಿದ್ದರೂ ಸೆನ್ಸರಿನಿಂದ ನೀರಿಗಿರುವ ದೂರದ ಅಳತೆ 74 ಸೆಂಟಿಮೀಟರಿಗೆ ಅಂಟಿಕೊಂಡು ನಿಂತಿತು. ಯಾವ ದೂರದಿಂದ ಎಷ್ಟು ಬಲದ ಪ್ರತಿಫಲನ ಬರುತ್ತಿದೆ ಎಂದು ತೋರಿಸುವ ನಕ್ಷೆಯನ್ನು ತೆರೆದು ನೋಡಿದಾಗ 44, 74, 104 ಸೆಂಟಿಮೀಟರುಗಳಲ್ಲಿ ಮೂರು ಏರುಗಳು ಕಂಡವು. ಅವುಗಳ ನಡುವಿನ ಅಂತರ ಎಲ್ಲ ಕಡೆ 30 ಸೆಂಟಿಮೀಟರ್ ಆಗಿದ್ದುದರಿಂದಲೇ ಕಾರಣ ಹೊಳೆಯಿತು: ಅವು ಗೋಡೆಗೆ ಹುಗಿದ ಕಬ್ಬಿಣದ ಮೆಟ್ಟಿಲುಗಳು. ಇಳಿದು ಟೇಪ್ ಹಿಡಿದು ನೋಡಿದಾಗ ಅಳತೆ ಹೊಂದಿತು. ಮನುಷ್ಯ ಇಳಿಯಲು ಬೇಕಾದ ಮೆಟ್ಟಿಲು, ರಿಪೇರಿಗೆ ಕೈಗೆಟುಕಬೇಕಾದ ಮೋಟಾರಿನ ಪೈಪು, ಬಾಲ್ ವಾಲ್ವ್, ನಲ್ಲಿ ನೀರು ಬೀಳುವ ಪೈಪು ಇವೆಲ್ಲವನ್ನೂ ಗಾರೆಯವರು ಬಾಯಿಯ ಸುತ್ತಲೇ ಇಡುತ್ತಾರೆ. ಹಾಗಾಗಿ ನಮಗೆ ಅತ್ಯಂತ ಅನುಕೂಲವಾದ ಜಾಗವೇ ರೇಡಾರಿಗೆ ಅತ್ಯಂತ ಕೆಟ್ಟ ಜಾಗ.

ಎಷ್ಟು ದೂರ ಸರಿಸಬೇಕೆಂಬುದನ್ನು ಕಿರಣದ ಅಗಲ ಹೇಳುತ್ತದೆ. ತರಂಗಾಂತರವನ್ನು ಲೆನ್ಸಿನ ವ್ಯಾಸದಿಂದ ಭಾಗಿಸಿ 70ರಿಂದ ಗುಣಿಸಿದರೆ ಕಿರಣದ ಕೋನ ಸರಿಸುಮಾರಾಗಿ ಡಿಗ್ರಿಗಳಲ್ಲಿ ಸಿಗುತ್ತದೆ. 60 ಗಿಗಾಹರ್ಟ್ಸ್‌ನಲ್ಲಿ ತರಂಗಾಂತರ 5 ಮಿಲಿಮೀಟರ್. ಆದ್ದರಿಂದ ನನ್ನ ಕೋನ 14 ಡಿಗ್ರಿ, 2 ಮೀಟರ್ ಕೆಳಗೆ ಕಿರಣದ ವೃತ್ತ ಸುಮಾರು 49 ಸೆಂಟಿಮೀಟರ್. ಇದೇ ಲೆನ್ಸಿಗೆ 26 ಗಿಗಾಹರ್ಟ್ಸ್ ಆಗಿದ್ದರೆ ವೃತ್ತ ಒಂದು ಮೀಟರನ್ನು ದಾಟಿ, ಈ ಸಂಪಿನಲ್ಲಿ ಎಲ್ಲಿಟ್ಟರೂ ಏನಾದರೊಂದಕ್ಕೆ ತಗಲುವ ಸಂಭವವಿತ್ತು. ಕಾರ್ಖಾನೆಗಳ ಟ್ಯಾಂಕುಗಳಲ್ಲಿ 80 ಗಿಗಾಹರ್ಟ್ಸ್ ಉಪಕರಣಗಳು ಜನಪ್ರಿಯವಾಗಲು ಇದೂ ಒಂದು ಮುಖ್ಯ ಕಾರಣ. ಆದರೆ ಈ ಕೋನವು ಶಕ್ತಿ ಅರ್ಧಕ್ಕಿಳಿಯುವ ಗೆರೆ ಮಾತ್ರ. ಅದರಾಚೆಗೂ ಅಲೆ ಹರಡುತ್ತದೆ, ಕಬ್ಬಿಣ ಅದನ್ನು ಚೆನ್ನಾಗಿಯೇ ಹಿಂದಿರುಗಿಸುತ್ತದೆ.

ಆದ್ದರಿಂದ ಬಾಯಿಯ ಎದುರು ತುದಿಯಲ್ಲಿ, ಹತ್ತಿರದ ಗೋಡೆಯಿಂದ 45 ಸೆಂಟಿಮೀಟರ್ ಬಿಟ್ಟು, 15 ಸೆಂಟಿಮೀಟರ್ ದಪ್ಪದ ಸ್ಲ್ಯಾಬಿನಲ್ಲಿ 75 ಮಿಲಿಮೀಟರ್ ರಂಧ್ರ ಕೊರೆಸಿದೆ. ಇಲ್ಲಿ ಒಂದು ತಪ್ಪು ಮಾಡಿದೆ: ಸೆನ್ಸರನ್ನು ರಂಧ್ರದ ಮೇಲ್ತುದಿಯಲ್ಲೇ ಕೂರಿಸಿದ್ದರಿಂದ ರಂಧ್ರದ ಕೆಳ ಅಂಚು 15 ಸೆಂಟಿಮೀಟರಿನಲ್ಲಿ ಬಲವಾದ ಸುಳ್ಳು ಪ್ರತಿಫಲನ ಕೊಟ್ಟಿತು. ಈಗ 63 ಮಿಲಿಮೀಟರ್ ಪಿವಿಸಿ ಪೈಪಿನ ತುದಿಗೆ ಅದನ್ನು ಕೂರಿಸಿ, ಲೆನ್ಸ್ ಸ್ಲ್ಯಾಬಿನ ಅಡಿಗಿಂತ 2 ಸೆಂಟಿಮೀಟರ್ ಕೆಳಗೆ ಬರುವಂತೆ ಇಳಿಬಿಟ್ಟಿದ್ದೇನೆ. ಅಲುಗಾಡದ ನೀರು ಕನ್ನಡಿಯಂತೆ ವರ್ತಿಸುವುದರಿಂದ ಸೆನ್ಸರ್ ಕೊಂಚ ವಾಲಿದರೂ ಪ್ರತಿಫಲನ ಬೇರೆಡೆ ಹೋಗುತ್ತದೆ. ಹೀಗಾಗಿ ಎರಡೂ ದಿಕ್ಕಿನಲ್ಲಿ ರಸಮಟ್ಟ ಇಟ್ಟು ಸರಿಪಡಿಸಿದೆ. ಅನಂತರ ಸೆನ್ಸರನ್ನು ಅದರ ಅಕ್ಷದಲ್ಲೇ 90 ಡಿಗ್ರಿ ತಿರುಗಿಸಿದಾಗ, ಅಲೆ ಕಂಪಿಸುವ ದಿಕ್ಕು ಬದಲಾಗಿ, ಗೋಡೆಯ ಪ್ರತಿಫಲನವೂ ಗಣನೀಯವಾಗಿ ತಗ್ಗಿತು.

ಸಂಪು ತುಂಬಿದಾಗ 28 ಸೆಂಟಿಮೀಟರಿನ ನಿಜವಾದ ಏರಿನ ಜೊತೆಗೆ 58ರಲ್ಲಿ ಇನ್ನೊಂದು ಏರು ಕಾಣುತ್ತದೆ. ಅಲೆ ನೀರಿನಿಂದ ಸ್ಲ್ಯಾಬಿಗೆ ತಾಗಿ ಮತ್ತೆ ನೀರಿಗೆ ಬಂದು ಹಿಂದಿರುಗುವ ದಾರಿ ಇದು. ಸ್ಲ್ಯಾಬ್ ಲೆನ್ಸಿಗಿಂತ 2 ಸೆಂಟಿಮೀಟರ್ ಮೇಲಿರುವುದರಿಂದ 56ರ ಬದಲು 58 ಬರುತ್ತದೆ. ಮೊದಲ ಏರೇ ಹೆಚ್ಚು ಬಲವಾಗಿರುವುದರಿಂದ ಇದರಿಂದ ತೊಂದರೆಯಾಗಿಲ್ಲ.

ಸಂಪು ಖಾಲಿ ಇರುವಾಗಿನ ಪ್ರತಿಫಲನಗಳನ್ನು ದಾಖಲಿಸಿಕೊಂಡು ಆಮೇಲೆ ಕಳೆಯುವ ವಿಧಾನವನ್ನು ಮೊದಲೇ ಬಳಸಬಹುದಿತ್ತಲ್ಲ ಎಂದು ಮಿತ್ರರೊಬ್ಬರು ಕೇಳಿದರು. ಬೇಕೆಂದೇ ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಮೆಟ್ಟಿಲಿನ ಬಲವಾದ ಏರನ್ನು ಲೆಕ್ಕದಿಂದ ಅಳಿಸಿದರೆ, ನೀರು ಅದೇ ಎತ್ತರಕ್ಕೆ ಬಂದಾಗ ನೀರಿನ ಏರೂ ಮಸುಕಾಗುವ ಅಪಾಯವಿದೆ. ಈಗ ಉಳಿದಿರುವುದು ಗೋಡೆಯ ಸಣ್ಣಪುಟ್ಟ ಏರುಗಳು ಮಾತ್ರ; ಮುಂದಿನ ಸಲ ಸಂಪು ತೊಳೆಯಲು ಖಾಲಿ ಮಾಡಿದಾಗ ಅವನ್ನು ದಾಖಲಿಸುತ್ತೇನೆ. ಬೆಳಗಿನ ಹೊತ್ತು ಲೆನ್ಸಿನ ಮೇಲೆ ಕಟ್ಟುವ ನೀರಹನಿಗಳಿಂದ ಏರಿನ ಬಲ ಎಷ್ಟು ಕುಗ್ಗುತ್ತದೆ ಎಂಬುದನ್ನು ನಿನ್ನೆಯಿಂದ ಗಂಟೆಗೊಮ್ಮೆ ಬರೆದಿಡುತ್ತಿದ್ದೇನೆ.