ಕುದುರೆ ಮುಗ್ಗರಿಸುತ್ತಿದ್ದರೆ ಮೊದಲು ಗೊರಸು ಎತ್ತಿ ನೋಡಿ

ಪದೇಪದೇ ಮುಗ್ಗರಿಸುವ ಕುದುರೆಯನ್ನು ಸೋಮಾರಿ ಎಂದು ಚಾಟಿ ಎತ್ತುವವರೇ ಹೆಚ್ಚು. ಇದು ಅನ್ಯಾಯ. ಟಾಂಗಾದ ಕುದುರೆಯಾಗಲಿ, ಸವಾರಿ ಶಾಲೆಯದಾಗಲಿ, ನೂರಕ್ಕೆ ಸುಮಾರು 60ರಷ್ಟು ಮೈಭಾರವನ್ನು ಮುಂಗಾಲುಗಳೇ ಹೊರುತ್ತವೆ. ಅಲ್ಲಿ ನೋವಿದ್ದರೂ ಗೊರಸಿನ ಅಳತೆ ತಪ್ಪಿದ್ದರೂ ಕಾಲು ತಡವರಿಸುತ್ತದೆ.

ಗಟ್ಟಿಯಾದ ಸಮ ನೆಲದಲ್ಲಿ ಹಗ್ಗ ಸಡಿಲ ಬಿಟ್ಟು ನಡೆಸಿ, ಮೊಬೈಲನ್ನು ನೆಲದ ಮಟ್ಟಕ್ಕೆ ಹಿಡಿದು ಪಕ್ಕದಿಂದ ಸ್ಲೋಮೋಷನ್‌ನಲ್ಲಿ ಚಿತ್ರಿಸಿಕೊಳ್ಳಿ. ಆರೋಗ್ಯವಂತ ಗೊರಸು ಹಿಮ್ಮಡಿಯಿಂದ ಅಥವಾ ಸಮನಾಗಿ ನೆಲ ಮುಟ್ಟುತ್ತದೆ. ತುದಿ ಮೊದಲು ತಾಗುತ್ತಿದ್ದರೆ ಕುದುರೆ ಹಿಮ್ಮಡಿಯ ಮೇಲೆ ಭಾರ ಬಿಡಲು ಹಿಂಜರಿಯುತ್ತಿದೆ ಎಂದು ಅನುಮಾನಿಸಬೇಕು.

ನಾವು ಹೆಚ್ಚಾಗಿ ಕಾಣುವ ದೋಷವೆಂದರೆ ತುದಿ ಉದ್ದ, ಹಿಮ್ಮಡಿ ತಗ್ಗು. ಗೊರಸು ತಿಂಗಳಿಗೆ 6ರಿಂದ 10 ಮಿ.ಮೀ. ಬೆಳೆಯುತ್ತದೆ. ಲಾಳ ಇನ್ನೂ ಸವೆದಿಲ್ಲವೆಂದು ಎರಡು ಮೂರು ತಿಂಗಳು ಹಾಗೇ ಬಿಟ್ಟರೆ ತುದಿ ಮುಂದಕ್ಕೆ ಚಾಚಿಕೊಳ್ಳುತ್ತದೆ, ಕಾಲು ಮಗುಚುವುದು, ಅಂದರೆ ಹಿಮ್ಮಡಿ ಎದ್ದು ತುದಿಯ ಮೇಲೆ ಉರುಳುವುದು, ತಡವಾಗುತ್ತದೆ, ತುದಿ ನೆಲಕ್ಕೆ ಎಡವುತ್ತದೆ. ಗೊರಸಿನ ಹಿಂಭಾಗದ ಸ್ನಾಯುರಜ್ಜುವಿಗೂ ಅದಕ್ಕೆ ತಾಗಿರುವ ನ್ಯಾವಿಕ್ಯುಲರ್ ಎಂಬ ಪುಟ್ಟ ಮೂಳೆಗೂ ಎಳೆತ ಹೆಚ್ಚುತ್ತದೆ. ಅಂದಾಜಿಗೆ, 360-400 ಕಿಲೋ ತೂಕದ ಕುದುರೆಗೆ ಕೂದಲಂಚಿನಿಂದ ತುದಿಯವರೆಗೆ 3 ಇಂಚು, 430-475 ಕಿಲೋದ್ದಕ್ಕೆ ಮೂರೂಕಾಲು ಇಂಚು ಇದ್ದರೆ ಸರಿ.

ಲಾಳ ಹೊಡೆಯುವವರು 4ರಿಂದ 6 ವಾರಕ್ಕೊಮ್ಮೆ ಬರಲೇಬೇಕು. ತುದಿಯನ್ನು ಅರದಿಂದ ದುಂಡಗೆ ಉಜ್ಜಿ, ಲಾಳವನ್ನು ತುಸು ಹಿಂದಕ್ಕೆ ಕೂರಿಸಿ, ಅದರ ಮುಂದಂಚನ್ನೂ ಉರುಟು ಮಾಡಿದರೆ ಕಾಲು ಬೇಗ ಮಗುಚುತ್ತದೆ. ಗೊರಸಿನ ಅತಿ ಅಗಲದ ಜಾಗದಿಂದ ಹಿಂದಕ್ಕೆ ಮೊಳೆ ಬೇಡ. ಹೊಡೆದರೆ ಹಿಮ್ಮಡಿ ಅಗಲಿಸಲಾಗದೆ ಬಿಗಿಯುತ್ತದೆ. ಉದ್ದವನ್ನೆಲ್ಲ ಒಂದೇ ಸಲ ತೆಗೆಯಬಾರದು, ಅಡಿ ತೆಳುವಾಗಿ ಕುದುರೆ ಕುಂಟುತ್ತದೆ. ತಗ್ಗಿದ ಹಿಮ್ಮಡಿಗೆ ಕೂಡಲೇ ಬೆಣೆ ಕೊಡುವ ರೂಢಿಯಿದೆ. ಕೆಲವು ವಾರಕ್ಕೆ ಅದು ಹಿತ. ತಿಂಗಳುಗಟ್ಟಲೆ ಇಟ್ಟರೆ ಹಿಮ್ಮಡಿ ಮತ್ತಷ್ಟು ಅಪ್ಪಚ್ಚಿಯಾಗುತ್ತದೆ. ಮೊದಲು ತುದಿ ಹಿಂದಕ್ಕೆ ತನ್ನಿ.

ಗೊರಸಿನಡಿಯ ಮೆತ್ತನೆಯ ತ್ರಿಕೋನ, ಅಂದರೆ ಫ್ರಾಗ್, ಕಪ್ಪಗೆ ಕೊಳೆತು ನಾರುತ್ತಿದ್ದರೆ ಅದು ಥ್ರಶ್. ಮಳೆಗಾಲದಲ್ಲಿ ಗಂಜಲ ನಿಂತ ಲಾಯಗಳಲ್ಲಿ ಇದು ಸಾಮಾನ್ಯ. ದಿನವೂ ಕೆರೆದು ತೊಳೆದು, ಒಣಗಿಸಿ, ನೀರು ಬೆರೆಸಿದ ಪೊವಿಡೋನ್ ಅಯೋಡಿನ್‌ನಲ್ಲಿ ಅದ್ದಿದ ಹತ್ತಿಯನ್ನು ನಡುವಿನ ಸೀಳಿನೊಳಗೆ ಒತ್ತಿಡಿ. ನೆಲ ಒಣಗದಿದ್ದರೆ ಔಷಧವೆಲ್ಲ ವ್ಯರ್ಥ.

ಇಷ್ಟಾದರೂ ಮುಗ್ಗರಿಕೆ ನಿಲ್ಲದಿದ್ದರೆ ಪಶುವೈದ್ಯರನ್ನು ಕರೆಸಿ. ಬರುವ ಮುನ್ನ ಫಿನೈಲ್‌ಬ್ಯುಟಾಜೋನ್ ಎಂಬ ನೋವುನಿವಾರಕ ಕೊಟ್ಟು ನೋವು ಮರೆಸಬೇಡಿ. ಪರೀಕ್ಷೆ ದಾರಿ ತಪ್ಪುತ್ತದೆ, ಅಳತೆ ಮೀರಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು. ವೈದ್ಯರು ಇಕ್ಕಳದಂಥ ಹೂಫ್ ಟೆಸ್ಟರ್‌ನಿಂದ ಒತ್ತಿ ನೋಡಿ, ಹಿಮ್ಮಡಿಯ ಎರಡೂ ಪಕ್ಕದ ನರಗಳ ಬಳಿ ಸುಮಾರು 1.5 ಮಿ.ಲೀ. ಮರಗಟ್ಟಿಸುವ ಔಷಧ ಚುಚ್ಚುತ್ತಾರೆ. 5-10 ನಿಮಿಷದಲ್ಲಿ ಚುಚ್ಚಿದ ಕಾಲು ಸರಿಹೋಗಿ ಇನ್ನೊಂದು ಕಾಲು ಕುಂಟತೊಡಗಿದರೆ ನೋವು ಎರಡರಲ್ಲೂ ಇದೆ. ನ್ಯಾವಿಕ್ಯುಲರ್ ಮೂಳೆಯ ರೋಗ ಎಂದು ಇಷ್ಟಕ್ಕೇ ಹೆಸರಿಡಲಾಗದು, ಏಕೆಂದರೆ ಈ ಚುಚ್ಚುಮದ್ದು ಅಡಿಯನ್ನೂ ಮರಗಟ್ಟಿಸುತ್ತದೆ. ಎಕ್ಸ್-ರೇ ಬೇಕು. ಗೊರಸಿನ ಕೋನ ತಿದ್ದಲು ಲಾಳ ಹೊಡೆಯುವವರಿಗೂ ಅದೇ ಆಧಾರ, ಅವರನ್ನೂ ಜೊತೆಗೆ ಕರೆದು ತೋರಿಸಿ.

ಎಲ್ಲ ಮುಗ್ಗರಿಕೆಯೂ ಗೊರಸಿನದಲ್ಲ. ಹಿಂಗಾಲು ತೂರಾಡಿದರೆ, ಚಿಕ್ಕ ಸುತ್ತಿನಲ್ಲಿ ತಿರುಗಿಸುವಾಗ ಕಾಲಿಗೆ ಕಾಲು ತೊಡರಿದರೆ, ನಡೆಯುವಾಗ ನೀವು ಬಾಲವನ್ನು ಪಕ್ಕಕ್ಕೆ ಎಳೆದಾಗ ಮೈಯೇ ಜೋಲಿ ಹೊಡೆದರೆ, ಬೆನ್ನುಹುರಿಯ ತೊಂದರೆ ಇರಬಹುದು. ನಮ್ಮ ದೇಶದಲ್ಲಿ ರಕ್ತ ಹೀರುವ ನೊಣಗಳು ಹರಡುವ ಸರ್ರಾ ರೋಗವನ್ನೂ ನೆನಪಿಡಬೇಕು: ಬಿಟ್ಟುಬಿಟ್ಟು ಜ್ವರ, ರಕ್ತಹೀನತೆ, ಹೊಟ್ಟೆಯಡಿ ಊತ, ಹಿಂಗಾಲಿನ ನಿಶ್ಶಕ್ತಿ. ರಕ್ತಪರೀಕ್ಷೆಯಲ್ಲಿ ಒಮ್ಮೆ ರೋಗಾಣು ಸಿಗದಿದ್ದರೂ ಮತ್ತೆ ಮಾಡಿಸಿ. ಇಂಥ ಕುದುರೆಯ ಮೇಲೆ ಕಾರಣ ತಿಳಿಯುವವರೆಗೆ ಯಾರನ್ನೂ ಕೂರಿಸಬೇಡಿ, ಗಾಡಿಗೂ ಕಟ್ಟಬೇಡಿ.